ಸಾ ಬರುವ ತನಕ: ಪುಣೆ, ಆಳಂದಿ, ದೇಹೂ, ಪುರಂದರ

ಬುಧವಾರ, ಪುಣೆ

ಧಾರವಾಡದಿಂದ ರಾತ್ರಿ ಬಸ್ಸು. ಎಚ್ಚರವಾದಾಗ ಸಾತಾರಾ ದಾಟಿತ್ತು. ಹೊರಗೆ ಇನ್ನೂ ಕತ್ತಲು, ಡಿಸೆಂಬರಿನ ಚಳಿ ಕಿಟಕಿಯ ಸಂದಿನಿಂದ ಒಳಗೆ ನುಗ್ಗುತ್ತಿತ್ತು. ಪಕ್ಕದಲ್ಲಿ ತಂಗಿ ಶಾಲು ಹೊದ್ದು ಮಲಗಿದ್ದಳು. ಖಂಬಾಟಕಿಯ ಸುರಂಗ ದಾಟಿದ ಮೇಲೆ ನಿಧಾನಕ್ಕೆ ಬೆಳಕು ಹರಿಯಿತು. ರಸ್ತೆಯ ಎರಡೂ ಕಡೆ ಹೊಲ, ಹೊಲದ ಮೇಲೆ ತೆಳ್ಳಗೆ ಮಂಜು. ವಾರಜೆಯಲ್ಲಿ ಇಳಿದು ಆಟೋ ಹಿಡಿದು ಕೋಥರೂಡದ ಮಾಮಾನ ಮನೆ ಸೇರಿದೆವು. ಮಾಮಿ ಬಾಗಿಲಲ್ಲೇ ನಿಂತಿದ್ದರು.

"ಚಹಾ ಆಗೇದ. ಮುಖಾ ತೊಳಕೊಂಡು ಬರ್ರಿ, ಅವಲಕ್ಕಿ ಆರತದ."

ಮಾಮಾ ಕೆಲಸಕ್ಕೆಂದು ಪುಣೆಗೆ ಬಂದವರು. ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರು. ಮನೆಯಲ್ಲಿ ಈಗಲೂ ಧಾರವಾಡದ ಕನ್ನಡವೇ, ಹೊರಗೆ ಅಚ್ಚ ಪುಣೇರಿ ಮರಾಠಿ. ವರ್ಷದಲ್ಲಿ ಒಂದು ವಾರ ಮಾತ್ರ ಅವರು ಯಾರ ಕೈಗೂ ಸಿಗುವುದಿಲ್ಲ. ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ವಾರ. ಈ ಸಲ ನಮ್ಮಿಬ್ಬರಿಗೂ ಮೊದಲೇ ಟಿಕೆಟ್ ತೆಗೆದಿಟ್ಟಿದ್ದರು.

ಈ ಉತ್ಸವದ ಬೇರು ನಮ್ಮ ಊರ ಕಡೆಯದು. ಕುಂದಗೋಳದ ರಾಮಭಾವು ಅವರೇ ಸವಾಯಿ ಗಂಧರ್ವರು. ಅವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿಯವರು ಗುರುವಿನ ಹೆಸರಲ್ಲಿ ಪುಣೆಯಲ್ಲಿ ಈ ಉತ್ಸವ ಶುರು ಮಾಡಿದರು. ಭೀಮಸೇನರು ಗದಗಿನ ಹುಡುಗ. ಅಬ್ದುಲ್ ಕರೀಮ್ ಖಾನರ ಗ್ರಾಮೊಫೋನ್ ತಟ್ಟೆಯ ಹಾಡು ಕೇಳಿ, ಹಾಗೆ ಹಾಡಬೇಕು ಎಂಬ ಒಂದೇ ಹಂಬಲ ಹತ್ತಿಸಿಕೊಂಡು, 1933ರಲ್ಲಿ ಮನೆ ಬಿಟ್ಟು ಹೋದವರು. ಆಗ ಅವರಿಗೆ 11 ವರ್ಷ. ಗುರುವನ್ನು ಹುಡುಕುತ್ತ ಉತ್ತರದ ಊರುಗಳನ್ನೆಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ತಮ್ಮೂರಿಗೆ ಹತ್ತಿರದ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯರೊಬ್ಬರಲ್ಲಿ. ಇದನ್ನು ಮಾಮಾ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಮಧ್ಯಾಹ್ನ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನಕ್ಕೆ ಹೋದೆವು. ಕುರ್ಚಿಯ ಟಿಕೆಟ್ಟಿಗೆ ದುಡ್ಡು ಜಾಸ್ತಿ. ನಮ್ಮದು ನೆಲದ ಬೈಠಕ್. ಸುತ್ತಲಿನವರೆಲ್ಲ ಚಾದರ, ದಿಂಬು, ನೀರಿನ ಬಾಟಲಿ, ಡಬ್ಬಿ ಕಟ್ಟಿಕೊಂಡೇ ಬಂದಿದ್ದರು. ಸಂಜೆ 6ರ ಮೇಲೆ ನೆಲ ತಣ್ಣಗಾಗುತ್ತದೆ. ಮಾಮಿ ಒತ್ತಾಯ ಮಾಡಿ ಕೊಟ್ಟ ಸ್ವೆಟರ್ ಇಲ್ಲದಿದ್ದರೆ ನಡುಗಬೇಕಾಗುತ್ತಿತ್ತು.

ಹೊತ್ತು ಮುಳುಗುವ ಸಮಯಕ್ಕೆ ಒಬ್ಬ ಗಾಯಕಿ ಮಾರ್ವಾ ರಾಗ ಹಿಡಿದರು. ತಂಬೂರಿಯ ಪಂಚಮದ ತಂತಿಯನ್ನು ನಿಷಾದಕ್ಕೆ ಹೊಂದಿಸಿದಾಗಲೇ ತಂಗಿ ನನ್ನ ಮೊಣಕೈ ಒತ್ತಿದಳು. ಅವಳು ಏಳೆಂಟು ವರ್ಷ ಹಿಂದೂಸ್ತಾನಿ ಕಲಿತವಳು. ನಾನು ಬರೀ ಕೇಳುವವಳು. ಮಾರ್ವಾದಲ್ಲಿ ಪಂಚಮ ಇಲ್ಲ. ಸಾ ಇದೆ, ಆದರೆ ಹಾಡುವವರು ಅದನ್ನು ಮುಟ್ಟದೆ ಸುತ್ತುತ್ತಾರೆ. ಆಕೆ ಕೋಮಲ ರಿಷಭದ ಮೇಲೆ ನಿಂತರು, ಕೆಳಗಿಳಿದು ಧೈವತದ ಮೇಲೆ ನಿಂತರು, ಮತ್ತೆ ರಿಷಭಕ್ಕೆ ಬಂದರು. ತವರಿಗೆ ಬಂದ ಮಗಳು ಹೊಸ್ತಿಲಾಚೆಗೇ ನಿಂತುಬಿಟ್ಟ ಹಾಗೆ. ಒಳಗೆ ಬಾ ಎಂದು ಮೈಯೆಲ್ಲ ಕೂಗುತ್ತದೆ, ಅವಳು ಬರುವುದಿಲ್ಲ. ನಿಮಿಷಗಳು ಕಳೆದವು. ನನ್ನ ಮುಂದೆ ಕೂತಿದ್ದ ಮುದುಕರೊಬ್ಬರ ಬೆರಳು ಮೊಣಕಾಲಿನ ಮೇಲೆ ನಿಂತೇ ಹೋಗಿತ್ತು. ಆಮೇಲೆ ನಿ ಇಂದ ರಿ ಗೆ ಹೋಗಿ, ಅಲ್ಲಿಂದ ಆಕೆ ಸಾ ಮೇಲೆ ಇಳಿದರು. ಅಷ್ಟೇ. ಇಡೀ ಮಂಟಪ ಒಟ್ಟಿಗೆ ಉಸಿರು ಬಿಟ್ಟಿತು. ಎಲ್ಲೆಲ್ಲೋ "ಆಹಾ" ಅಂದರು. ನನಗೆ ಕಣ್ಣು ತುಂಬಿ ಬಂತು.

ದೇವರ ಮೇಲಿನ ಪ್ರೀತಿ ಅಂದರೆ ಶಾಂತಿ, ತೃಪ್ತಿ ಎಂದು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಅದು ಮೊದಲು ಹಂಬಲ. ಇನ್ನೂ ಸಿಗದಿರುವುದರ ಕಡೆಗೆ ಜೀವ ಕತ್ತು ಚಾಚುವುದು. ಸಂಗೀತ ಆ ಹಂಬಲದ ಬಗ್ಗೆ ಹೇಳಿ ಸುಮ್ಮನಾಗುವುದಿಲ್ಲ, ಅದನ್ನು ನಮ್ಮಿಂದ ಮಾಡಿಸುತ್ತದೆ. ಸಾ ಸ್ವರಕ್ಕಾಗಿ ಕಾಯುವಷ್ಟು ಹೊತ್ತು ಅಲ್ಲಿದ್ದ ಸಾವಿರಾರು ಜನರಿಗೆ ಬೇರೆ ಆಸೆ ಇರಲಿಲ್ಲ. ಪ್ರಾರ್ಥನೆ ಅಂದರೆ ಇದಲ್ಲದೆ ಇನ್ನೇನು?

ಹೊರಗೆ ಬಟಾಟೆ ವಡಾ, ಸಾಬುದಾಣಿ ಖಿಚಡಿ, ಕಾಫಿ ಎಲ್ಲ ಸಿಗುತ್ತದೆ. ಸಾಲು ಉದ್ದ ಇತ್ತು. ಮಾಮಾ ಖಿಚಡಿಯ ತಟ್ಟೆ ಹಿಡಿದುಕೊಂಡೇ ಹಳೆಯ ದಿನ ನೆನೆದರು. "ಆಗ ಇದು ರಮಣಬಾಗದಾಗ ನಡೀತಿತ್ತು, ರಾತ್ರಿಯಿಡೀ. ಕಡೀಕ ಭೀಮಣ್ಣಾವರು ಕೂಡತಿದ್ರು. ಅವರು ತೋಡಿ ಹಿಡೀಬೇಕು, ಬೆಳಕ ಹರೀಬೇಕು. ಅಲ್ಲಿಂದ ಸೀದಾ ಫಸ್ಟ್ ಶಿಫ್ಟ್‌ಗೆ ಹೋಗತಿದ್ದೆ ನಾ." ಈಗ ಧ್ವನಿವರ್ಧಕದ ನಿಯಮ ಬಂದು ರಾತ್ರಿ 10ಕ್ಕೆಲ್ಲ ಮುಗಿಯುತ್ತದೆ. ಮುಗಿದ ಕೂಡಲೇ ಆಟೋಗಳಿಗೆ ಮುತ್ತಿಗೆ. ಸ್ವಲ್ಪ ದೂರ ನಡೆದು ಮುಖ್ಯ ರಸ್ತೆಗೆ ಬಂದರೆ ಬೇಗ ಸಿಗುತ್ತವೆ.

ಗುರುವಾರ, ಆಳಂದಿ

ಸ್ವಾರಗೇಟಿನಿಂದ ಊರ ಬಸ್ಸಿನಲ್ಲಿ ಆಳಂದಿಗೆ. ದೂರ ಏನಿಲ್ಲ, ಸುಮಾರು 25 ಕಿಲೋಮೀಟರ್. ಆದರೆ ಪುಣೆಯ ಟ್ರಾಫಿಕ್ ದಾಟುವುದರಲ್ಲೇ ಎರಡು ತಾಸು ಹೋಯಿತು. ಬೆಳಗ್ಗೆ 7ಕ್ಕೆ ಮೊದಲೇ ಹೊರಟುಬಿಡುವುದು ಒಳ್ಳೆಯದು.

ಬಸ್ಸಿಳಿದು ಸೇತುವೆಯ ಮೇಲೆ ನಿಂತಾಗ ಮನಸ್ಸು ಮುದುಡಿತು. ಇಂದ್ರಾಯಣಿಯ ಮೇಲೆ ಬಿಳಿ ನೊರೆ ತೇಲುತ್ತಿತ್ತು. ಮೇಲಿನ ಊರುಗಳ ಕೊಳಚೆ, ಕಾರ್ಖಾನೆಗಳ ನೀರು. ಸೀರೆಯುಟ್ಟ ಅಜ್ಜಿಯೊಬ್ಬರು ನೊರೆಯನ್ನು ಕೈಯಿಂದ ಆಚೆ ಸರಿಸಿ, ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡರು. ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆ ನದಿಗೆ ಮಾಡಿದ್ದನ್ನು ಮಾತ್ರ ಕ್ಷಮಿಸಲು ಆಗುವುದಿಲ್ಲ. ಮರಾಠಿ ಸಂತರ ಎಷ್ಟು ಅಭಂಗಗಳಲ್ಲಿ, ಭಕ್ತಿಯ ಹಾಡುಗಳಲ್ಲಿ, ಅವಳ ಹೆಸರಿದೆ!

ಜ್ಞಾನೇಶ್ವರರು ಇಲ್ಲಿ ಸಂಜೀವನ ಸಮಾಧಿ ತಗೊಂಡದ್ದು 1296ರಲ್ಲಿ. ಆಗ ಅವರಿಗೆ ಬರೀ 21 ವರ್ಷ ಎನ್ನುತ್ತಾರೆ. ಗೀತೆಯನ್ನು ಜನರ ಮರಾಠಿಗೆ ತಂದ ಜ್ಞಾನೇಶ್ವರಿ ಅಷ್ಟರೊಳಗೆ ಮುಗಿದಿತ್ತು. ಸಮಾಧಿಯ ಹತ್ತಿರ ಅಜಾನ ವೃಕ್ಷವಿದೆ. ಮುನ್ನೂರು ವರ್ಷ ಕಳೆದ ಮೇಲೆ ಸಂತ ಏಕನಾಥರ ಕನಸಿನಲ್ಲಿ ಜ್ಞಾನೇಶ್ವರರು ಬಂದು, ಈ ಮರದ ಬೇರು ಕೊರಳಿಗೆ ಸುತ್ತಿಕೊಂಡಿದೆ, ಬಿಡಿಸು ಎಂದರಂತೆ. ಏಕನಾಥರು ಬಂದು ಬೇರು ಬಿಡಿಸಿ ಸಮಾಧಿಯನ್ನು ಜೀರ್ಣೋದ್ಧಾರ ಮಾಡಿದರು ಎಂದು ಕತೆ. ಮರದ ಕೆಳಗೆ ಕೂತು ಜ್ಞಾನೇಶ್ವರಿ ಓದುವವರು ಇಡೀ ದಿನ ಇರುತ್ತಾರೆ. ಗುನುಗುನು ದನಿ, ಮಧ್ಯೆ ಹಾಳೆ ತಿರುವುವ ಸದ್ದು. ನಾವೂ ಅಲ್ಲೇ ಕೂತೆವು.

ವಿಠ್ಠಲನನ್ನು ಕಾನಡಾ, ಕರ್ನಾಟಕದವನು ಎಂದು ಕರೆಯುವ ಜ್ಞಾನೇಶ್ವರರ ಅಭಂಗ ನಮ್ಮ ಕಡೆಗೂ ಗೊತ್ತು. ಅದರಲ್ಲಿ ಮಾತಾಡುವವಳು ಒಬ್ಬ ಹೆಣ್ಣು. ಅವನ ಕಾಲಿಗೆ ಬೀಳಲು ಹೋಗುತ್ತಾಳೆ, ಪಾದವೇ ಕಾಣುವುದಿಲ್ಲ. ತಬ್ಬಲು ಕೈ ಚಾಚುತ್ತಾಳೆ, ನೋಡಿದರೆ ತಾನೊಬ್ಬಳೇ. ಜೀವ ಆಸೆಯಲ್ಲೇ ಉಳಿಯುತ್ತದೆ. ತಂಗಿ ಇದನ್ನು ಮೆಲ್ಲಗೆ ಗುನುಗಿದಳು. ನಿನ್ನೆಯ ಮಾರ್ವಾ ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅವನನ್ನು ತಬ್ಬಲು ಹೋದ ಕೈಗೆ ತಾನೇ ಸಿಗುವುದು ಸೋಲೋ ಗೆಲುವೋ? ಅಭಂಗ ಬಿಡಿಸಿ ಹೇಳುವುದಿಲ್ಲ. ಹಾಡುವಾಗ ಎರಡೂ ಒಂದೇ ಅನ್ನಿಸುತ್ತದೆ.

ಹೊರಗೆ ಬಂದರೆ ನನ್ನ ಚಪ್ಪಲಿ ಇಲ್ಲ. ಯಾರೋ ಹಾಕಿಕೊಂಡು ಹೋಗಿದ್ದರು. ಐದು ರೂಪಾಯಿ ಕೊಟ್ಟು ಅಂಗಡಿಯವರ ಬಳಿ ಬಿಟ್ಟರೆ ಈ ತಾಪತ್ರಯ ಇರುವುದಿಲ್ಲವಂತೆ. ಬಿಸಿಲು ಏರಿತ್ತು, ಬರಿಗಾಲಲ್ಲಿ ಚಪ್ಪಲಿ ಅಂಗಡಿ ಹುಡುಕುತ್ತ ಹೊರಟೆವು. ಮೊದಲು ಸಿಕ್ಕಿದ್ದು ಮೃದಂಗದ ಅಂಗಡಿ.

ಆಳಂದಿಯಲ್ಲಿ ಅಂಥ ಅಂಗಡಿ ಬಹಳ. ವಾರಕರಿ ಶಿಕ್ಷಣ ಸಂಸ್ಥೆ ಇರುವ ಊರು ಅದು. ವಾರಕರಿ ಅಂದರೆ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಭಕ್ತ. ಆ ಸಂಸ್ಥೆ 1917ರಲ್ಲಿ ಜೋಗ ಮಹಾರಾಜರು ಶುರು ಮಾಡಿದ್ದು. ಬಿಳಿ ಅಂಗಿ, ಕೊರಳಲ್ಲಿ ತುಳಸಿಮಣಿ ಹಾಕಿದ ಹುಡುಗರು ಊರ ತುಂಬ. ಅಂಗಡಿಯವರು ನಾವು ಮಾತಾಡುವುದನ್ನು ಕೇಳಿ ಕನ್ನಡದಲ್ಲೇ ಕರೆದರು. ಅಥಣಿ ಕಡೆಯವರು. "ಬರ್ರೆವಾ, ಕಾಲು ಸುಡ್ತಾವು, ಒಳಗ ಬರ್ರಿ." ತಮ್ಮನನ್ನು ಕಳಿಸಿ ಚಪ್ಪಲಿ ತರಿಸಿಕೊಟ್ಟರು, ಚಹಾ ಕುಡಿಸಿದರು.

ಅವರ ಮುಂದೆ ಒಂದು ಪಖವಾಜಿನ, ಅಂದರೆ ಆ ಕಡೆಯ ಮೃದಂಗದ, ಎಡಮುಖ ಇತ್ತು. ಕಲಸಿದ ಗೋಧಿ ಹಿಟ್ಟಿನ ಸಣ್ಣ ಉಂಡೆ ತಗೊಂಡು ತೊಗಲಿನ ನಡುವೆ ಒತ್ತಿದರು. ಒದ್ದೆ ಬೆರಳಿಂದ ಅಂಚು ಸವರಿ ದುಂಡಗೆ ಮಾಡಿದರು. ಅಂಗೈಯಿಂದ ಒಂದು ಪೆಟ್ಟು. ತಲೆ ಅಲ್ಲಾಡಿಸಿದರು. ಕಡಲೆ ಕಾಳಿನಷ್ಟು ಹಿಟ್ಟು ಕಿತ್ತು ಮತ್ತೆ ಬಾರಿಸಿದರು. ಈ ಸಲ ಬಂದ ನಾದ ನನ್ನ ಹೊಟ್ಟೆಯೊಳಗೆ ಇಳಿಯಿತು.

"ಹಿಟ್ಟು ಆರಿತಂದ್ರ ನಾದ ಹೋತು. ಪ್ರತಿ ಸಲಾ ಹೊಸದಾಗಿ ಹಚ್ಚಬೇಕು," ಅಂದರು. "ನಿನ್ನೆದು ಇವತ್ತಿಗಿ ಬರಂಗಿಲ್ಲ."

ಮಧ್ಯಾಹ್ನ ಅವರೇ ಹೇಳಿದ ಖಾನಾವಳಿಯಲ್ಲಿ ಪಿಠಲಾ, ಜೋಳದ ಭಾಕರಿ, ಹಸಿಮೆಣಸಿನಕಾಯಿ ಠೇಚಾ. ಠೇಚಾ ಬಾಯಿಗಿಟ್ಟರೆ ಕಿವಿ ಬಿಸಿಯಾಗುತ್ತದೆ, ಆದರೂ ಬಿಡಲು ಮನಸ್ಸಾಗುವುದಿಲ್ಲ. ನಮ್ಮ ಕಡೆಯ ರಂಜಕಕ್ಕೂ ಇದಕ್ಕೂ ಹತ್ತಿರದ ನೆಂಟು.

ಸಂಜೆ ಹರಿಪಾಠ, ಅಂದರೆ ಹರಿನಾಮದ ಅಭಂಗಗಳನ್ನು ಎಲ್ಲರೂ ಕೂಡಿ ಹಾಡುವುದು, ನೋಡಿಯೇ ಹೊರಟೆವು. ಹುಡುಗರು ಎರಡು ಸಾಲಾಗಿ ಎದುರುಬದುರು ನಿಂತರು. ಕೈಯಲ್ಲಿ ತಾಳ, ನಡುವೆ ಮೃದಂಗದವನು. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ಬಗ್ಗಿ ತಾಳ ಕುಟ್ಟಿ ಏಳುವುದು. ಮೊದಲಿಗೆ ನಿಧಾನ. ಆಮೇಲೆ ಲಯ ಏರಿ, ಯಾರ ದನಿ ಯಾರದು ಎಂದು ಗುರುತು ಹತ್ತಲಿಲ್ಲ. ನಿನ್ನೆ ಒಬ್ಬರೇ ಕೂತು ಒಂದೇ ಸ್ವರವನ್ನು ಹಿಗ್ಗಿಸಿದ್ದರು. ಇಲ್ಲಿ ಐವತ್ತು ಜನ ಒಂದೇ ಹೆಸರನ್ನು ಕುಟ್ಟುತ್ತಿದ್ದರು. ದಾರಿ ಬೇರೆ, ಆದರೆ ನಾನು ಅನ್ನುವುದು ಸಣ್ಣದಾಗುತ್ತ ಹೋಗುವುದು ಎರಡರಲ್ಲೂ ಒಂದೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ತಂಗಿಗೆ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿಯ ಕತೆ ಹೇಳಿದೆ. ಸನ್ಯಾಸಿಯ ಮಕ್ಕಳು ಎಂದು ಊರು ಆ ನಾಲ್ಕು ಮಕ್ಕಳನ್ನು ದೂರ ಇಟ್ಟಿತ್ತು. ಒಮ್ಮೆ ಅವಮಾನ ತಾಳದೆ ಜ್ಞಾನೇಶ್ವರರು ಗುಡಿಸಿಲಿನ ತಟ್ಟಿ ಹಾಕಿಕೊಂಡು ಒಳಗೆ ಕೂತುಬಿಟ್ಟರು. ಹೊರಗೆ ನಿಂತು ಪುಟ್ಟ ತಂಗಿ ಹಾಡಿದಳು, ತಟ್ಟಿ ತೆಗೆ ಅಣ್ಣಾ ಎಂದು. ಆ ಹಾಡುಗಳು ಈಗಲೂ ಉಳಿದಿವೆ. ದೊಡ್ಡ ಜ್ಞಾನಿಯನ್ನು ಬಾಗಿಲಾಚೆ ಕರೆತಂದದ್ದು ತಂಗಿಯ ದನಿ. ನನ್ನ ತಂಗಿ ಏನೂ ಅನ್ನಲಿಲ್ಲ, ನನ್ನ ಭುಜಕ್ಕೆ ಒರಗಿದಳು.

ಶುಕ್ರವಾರ, ದೇಹೂ

ಇದು ತುಕಾರಾಮರ ಊರು. ಇಲ್ಲೂ ಅದೇ ಇಂದ್ರಾಯಣಿ, ಆಳಂದಿಗಿಂತ ಮೇಲ್ಗಡೆ. ತುಕಾರಾಮರು ಶೂದ್ರ, ವೇದದ ಮಾತು ಹಾಡಲು ಇವನಿಗೇನು ಹಕ್ಕು ಎಂದು ವಿರೋಧಿಗಳು ಅವರ ಅಭಂಗಗಳ ಕಟ್ಟನ್ನು ನದಿಗೆ ಹಾಕಿಸಿದರು. ತುಕಾರಾಮರು ದಡದ ಕಲ್ಲಿನ ಮೇಲೆ 13 ದಿನ ಅನ್ನ ನೀರು ಬಿಟ್ಟು ಕೂತರು, ಆಮೇಲೆ ಹಾಳೆಗಳು ಒದ್ದೆಯಾಗದೆ ತೇಲಿ ಬಂದವು ಎಂದು ನಂಬಿಕೆ. ಆ ಶಿಲೆಗೆ ಈಗ ದೇವಸ್ಥಾನವಿದೆ, ಹೊಸ ಕಟ್ಟಡ 2022ರಲ್ಲಿ ಆಯಿತು. ಹಾಳೆ ತೇಲಿದ್ದಕ್ಕಿಂತ ಆ 13 ದಿನವೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಹಾಡು ಕಳೆದುಕೊಂಡ ಹಾಡುಗಾರ ಏನು ಮಾಡುತ್ತ ಕೂತಿರಬೇಕು? ಒಳಗೊಳಗೇ ಹಾಡಿಕೊಂಡಿರಬೇಕು. ಅವನ್ನು ಜನ ಬಾಯಲ್ಲಿ ಉಳಿಸಿಕೊಂಡಿದ್ದರು ಎಂದೂ ಹೇಳುತ್ತಾರೆ. ಅದು ನನಗೆ ಇನ್ನೂ ದೊಡ್ಡ ಪವಾಡ.

ನದಿಯ ಬದಿಗೆ ಗಾಥಾ ಮಂದಿರ. 4,000ಕ್ಕೂ ಹೆಚ್ಚು ಅಭಂಗಗಳನ್ನು ಗೋಡೆಯ ಕಲ್ಲುಗಳ ಮೇಲೆ ಕೆತ್ತಿಸಿದ್ದಾರೆ. ಶಾಲೆಯ ಹುಡುಗಿಯರು ಗೋಡೆಗೆ ಬೆರಳು ಒತ್ತಿ ಓದುತ್ತಿದ್ದರು. ಒಬ್ಬಳು ಸಾಲನ್ನು ಅರ್ಧಕ್ಕೆ ನಿಲ್ಲಿಸಿದರೆ ಇನ್ನೊಬ್ಬಳು ಗೋಡೆ ನೋಡದೆ ಮುಗಿಸುತ್ತಿದ್ದಳು.

ಅಲ್ಲಿಂದ ಭಂಡಾರಾ ಡೊಂಗರಕ್ಕೆ ಆಟೋ. ತುಕಾರಾಮರು ಏಕಾಂತಕ್ಕೆ ಹೋಗುತ್ತಿದ್ದ ಗುಡ್ಡ ಅದು. ಮೇಲೆ ದೊಡ್ಡ ಕಲ್ಲಿನ ಗುಡಿ ಏಳುತ್ತಿದೆ. ವಾಪಸ್ಸಿಗೆ ಮೇಲೆ ಆಟೋ ಸಿಗುವುದು ಕಷ್ಟ, ಹೋದ ಆಟೋವನ್ನೇ ಕಾಯಲು ಹೇಳಿಡಬೇಕು. ನಾವು ತಲುಪುವಷ್ಟರಲ್ಲಿ ಮೋಡ ಕಟ್ಟಿ, ಡಿಸೆಂಬರಿನಲ್ಲಿ ಯಾರೂ ಕೇಳದ ಮಳೆ ಶುರುವಾಯಿತು. ಗಾಳಿಗೆ ಕೊಡೆ ಮಗುಚಿತು. ಓಡಿ ಹಳೆಯ ಗುಡಿಯ ಜಗುಲಿ ಸೇರಿದೆವು. ಅಲ್ಲಿ ಆಗಲೇ ಐದಾರು ಹೆಂಗಸರು ಕೂತಿದ್ದರು. ಹತ್ತಿರದ ಹಳ್ಳಿಯವರು, ಪೇರಲ ಹಣ್ಣಿನ ಬುಟ್ಟಿ ಪಕ್ಕದಲ್ಲಿ. ಮಳೆ ನಿಲ್ಲುವವರೆಗೆ ಸುಮ್ನೆ ಯಾಕೆ ಕೂಡಬೇಕು ಎಂದು ಒಬ್ಬರು ಓವಿ ಎತ್ತಿದರು.

ಓವಿ ಅಂದರೆ ನಮ್ಮ ಬೀಸುಕಲ್ಲಿನ ಪದದ ಅಕ್ಕ. ಬೀಸುತ್ತ ಬೀಸುತ್ತ ಹೆಂಗಸರು ತವರು, ಅಣ್ಣ, ಪಂಢರಪುರದ ವಿಠ್ಠಲ ಎಲ್ಲರನ್ನೂ ಒಂದೇ ಉಸಿರಲ್ಲಿ ಕರೆಯುತ್ತಾರೆ. ಪುಣೆಯ ಹೇಮಾ ರಾಯರೀಕರ್ ಮತ್ತು ಗೀ ಪ್ವಾತ್ವಾಂ ಇಂಥ ಒಂದು ಲಕ್ಷಕ್ಕೂ ಹೆಚ್ಚು ಪದಗಳನ್ನು ಹಳ್ಳಿಹಳ್ಳಿ ತಿರುಗಿ ಬರೆದುಕೊಂಡರು. ಈಗ ಬೀಸುಕಲ್ಲು ಮೂಲೆ ಸೇರಿದೆ, ಪದ ಮಾತ್ರ ಬಾಯಲ್ಲಿದೆ.

ಅವರದು ಮುಗಿದ ಮೇಲೆ, ನಿಮ್ಮ ಕಡೆಯದು ಒಂದು ಹಾಡ್ರಿ ಎಂದರು. ತಂಗಿ ಸ್ವಲ್ಪ ಹೊತ್ತು ಯೋಚಿಸಿ ಅಕ್ಕಮಹಾದೇವಿಯ ವಚನ ತಗೊಂಡಳು. ಅಕ್ಕ ಗಿಳಿಯನ್ನು, ಕೋಗಿಲೆಯನ್ನು, ದುಂಬಿಯನ್ನು, ನವಿಲನ್ನು ಒಂದೊಂದಾಗಿ ಕೇಳುತ್ತ ಹೋಗುವ ವಚನ, ನನ್ನ ಚೆನ್ನಮಲ್ಲಿಕಾರ್ಜುನನನ್ನು ನೀವು ಕಂಡಿರಾ ಎಂದು. ಮಳೆಯ ಸದ್ದಿನಲ್ಲಿ ಅವಳ ದನಿ ಮೊದಲು ಕೇಳಿಸಲಿಲ್ಲ. ಎರಡನೇ ಸಾಲಿಗೆ ಒಬ್ಬ ಅಜ್ಜಿ ಬುಟ್ಟಿಯ ಅಂಚಿನ ಮೇಲೆ ತಾಳ ಹಿಡಿದರು.

ಹಾಡು ಮುಗಿಯಿತು. ಆ ಅಜ್ಜಿಗೆ ಕನ್ನಡದ ಒಂದು ಪದವೂ ಬಾರದು. ಮರಾಠಿಯಲ್ಲಿ ಕೇಳಿದರು, "ಇವಳು ಯಾರನ್ನೋ ಹುಡುಕ್ತಿದ್ದಾಳಲ್ಲ, ಸಿಕ್ಕನೇನು?"

"ಈ ಹಾಡಿನಾಗ ಸಿಗೂದಿಲ್ಲ," ತಂಗಿ ತನಗೆ ಬರುವ ಮರಾಠಿಯಲ್ಲಿ ಹೇಳಿದಳು.

"ಸಿಕ್ಕಿದ್ದರೆ ಹಾಡು ಯಾಕೆ ಕಟ್ಟುತ್ತಿದ್ದಳು!" ಅಜ್ಜಿ ನಕ್ಕು, ಎರಡು ಪೇರಲ ಹಣ್ಣು ಅವಳ ಮಡಿಲಿಗೆ ಹಾಕಿದರು. ದುಡ್ಡು ಎಷ್ಟು ಕೊಟ್ಟರೂ ಮುಟ್ಟಲಿಲ್ಲ.

ಪಂಡಿತರು ಪುಸ್ತಕಗಳಲ್ಲಿ ವಿರಹಭಕ್ತಿ ಎಂದು ಬರೆದದ್ದನ್ನು ಅಜ್ಜಿ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಅದೂ ಭಾಷೆ ತಿಳಿಯದ ಹಾಡು ಕೇಳಿ. ಸ್ವರ ಅಷ್ಟನ್ನೂ ಮುಟ್ಟಿಸಿತ್ತು. ಇದಕ್ಕಿಂತ ಜಾಸ್ತಿ ನಾನು ಏನು ಹೇಳಲಿ?

ಶನಿವಾರ, ಸಾಸವಡ ಮತ್ತು ಪುರಂದರ

ಈ ದಿನಕ್ಕೆ ಕಾರು ಮಾಡಿಕೊಂಡೆವು. ಮಾಮಿಯೂ ಬಂದರು. ದಿವೆ ಘಾಟ್ ಏರುವಾಗ ಟಯರ್ ಪಂಕ್ಚರ್. ಜ್ಞಾನೇಶ್ವರರ ಪಾಲಖಿ ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೋಗುವಾಗ ಹತ್ತುವ ಘಾಟ್ ಇದೇ. ಡ್ರೈವರ್ ಚಕ್ರ ಬದಲಿಸುವ ತನಕ ಕಟ್ಟೆಯ ಮೇಲೆ ಕೂತು ಕೆಳಗಿನ ಕೆರೆ ನೋಡಿದೆವು. ಮಾಮಿ ಒಂದು ವರ್ಷ ಈ ಘಾಟನ್ನು ವಾರಿಯ, ಅಂದರೆ ಆ ಪಾದಯಾತ್ರೆಯ, ಜತೆ ನಡೆದು ಹತ್ತಿದ್ದಾರೆ. "ದಣಿವು ಗೊತ್ತಾಗಲಿಲ್ಲೇನು?" ಎಂದು ಕೇಳಿದೆ. "ತಾಳ ಬಾರಸೂದು ನಿಂತಾಗ ಗೊತ್ತಾತು," ಎಂದರು.

ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ. ಕರ್ಹಾ ನದಿಯ ಬದಿ, ಹಳೆಯ ಕಲ್ಲಿನ ಅಂಗಳ, ಗದ್ದಲವೇ ಇಲ್ಲ. ಊರಾಚೆ ಅಂಜೂರದ ತೋಟಗಳು. ಬುಟ್ಟಿ ಇಟ್ಟುಕೊಂಡು ಕೂತ ರೈತರಿಂದ ಒಂದು ಕಿಲೋ ತಗೊಂಡೆವು. ಮೆತ್ತಗಿನ ಹಣ್ಣು, ಎರಡು ದಿನಕ್ಕಿಂತ ಇಡಲು ಬರುವುದಿಲ್ಲ, ಅಲ್ಲೇ ತಿಂದುಬಿಡಬೇಕು.

ಪುರಂದರಗಡ ಸೈನ್ಯದ ಸುಪರ್ದಿಯಲ್ಲಿದೆ. ಗುರುತಿನ ಚೀಟಿ ಬೇಕು, ಸಂಜೆಯೊಳಗೆ ಕೆಳಗಿಳಿಯಬೇಕು. ಮರಾಠರಿಗೆ ಇದು ಸಂಭಾಜಿ ಮಹಾರಾಜರು 1657ರಲ್ಲಿ ಹುಟ್ಟಿದ ಕೋಟೆ. ನಮಗೆ ಬೇರೆ ನೆನಪು. ಪುರಂದರದಾಸರು ಈ ಕಡೆಯವರು ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಅಲ್ಲ, ಮಲೆನಾಡಿನ ತೀರ್ಥಹಳ್ಳಿಯ ಹತ್ತಿರದ ಆರಗದವರು ಎಂದು ವಿದ್ವಾಂಸರು ಆಧಾರ ಕೊಡುತ್ತಾರೆ. ನನಗೆ ಆ ವಾದವೇ ಸರಿ ಅನ್ನಿಸುತ್ತದೆ. ಆದರೂ ಕೋಟೆಯ ದಾರಿಯಲ್ಲಿ ಆ ಹೆಸರು ಬರೆದ ಫಲಕ ಕಂಡಾಗ ಮೂವರೂ ಕೈ ಮುಗಿದೆವು.

ಪುರಂದರೇಶ್ವರನ ಗುಡಿಯ ಮೆಟ್ಟಿಲ ಮೇಲೆ ಕೂತು ಮಾಮಿ ದಾಸರ ಪದ ಹೇಳಿದರು. ಮಾಯಾಮಾಳವಗೌಳದಲ್ಲಿ ಮಕ್ಕಳಿಗೆ ಸರಳೆ ವರಸೆ ಹಾಕಿಕೊಟ್ಟವರು ದಾಸರು ಎಂದು ಕರ್ನಾಟಕ ಸಂಗೀತದವರೆಲ್ಲ ಅವರನ್ನು ಪಿತಾಮಹ ಅನ್ನುತ್ತಾರೆ. ಕೃಷ್ಣನನ್ನು ಅವರು ಬೈದರು, ಕರೆದರು, ಬಾರೋ ಎಂದು ಅಂಗಲಾಚಿದರು. ಲಕ್ಷ್ಮಿಗೂ ಬಾರಮ್ಮ ಎಂದೇ ಹಾಡು. ಭೀಮಸೇನರು ಅದನ್ನು ಹಾಡಿದ ಮೇಲೆ ಮರಾಠಿ ಮನೆಗಳಲ್ಲೂ ಅದು ಬೆಳಗಿನ ಹಾಡಾಯಿತು. ಇದನ್ನು ಮಾಮಿ ಹೇಳುತ್ತಿರುವಾಗಲೇ ಪಕ್ಕದಲ್ಲಿದ್ದ ಮರಾಠಿ ಕುಟುಂಬದ ಹುಡುಗ ಪಲ್ಲವಿ ಎತ್ತಿದ. ಅವನ ಕನ್ನಡ ಉಚ್ಚಾರ ಸ್ವಲ್ಪ ಜಾರುತ್ತಿತ್ತು, ಸ್ವರ ಜಾರಲಿಲ್ಲ. ಮಾಮಿ ಅವನಿಗೆ ಎರಡನೇ ಚರಣ ಹೇಳಿಕೊಟ್ಟರು.

ಭಾನುವಾರ, ಮತ್ತೆ ಪುಣೆ

ಕೊನೆಯ ದಿನ ಜನ ಜಾಸ್ತಿ. ಬೇಗ ಹೋಗಿ ಜಾಗ ಹಿಡಿಯದಿದ್ದರೆ ಕಂಬದ ಮರೆಯೇ ಗತಿ. ನಮ್ಮ ಪಕ್ಕದ ಚಾದರದಲ್ಲಿ ಒಬ್ಬ ಹಿರಿಯ ಹೆಂಗಸು ಒಬ್ಬರೇ ಕೂತಿದ್ದರು, ನಿವೃತ್ತ ಶಿಕ್ಷಕಿ. ಭಾಕರವಡಿಯ ಪೊಟ್ಟಣ ನಮ್ಮ ಕಡೆ ಚಾಚಿ, ಎಲ್ಲಿಯವರು ಎಂದು ಕೇಳಿದರು. ಧಾರವಾಡ ಅಂದದ್ದೇ ತಡ, ಮುಖ ಅರಳಿತು. "ಹಾಗಾದರೆ ಕುಂದಗೋಳ ನೋಡಿದ್ದೀರಿ!" ಎಂದರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಪಾಠಕ್ಕೆ ಹೋಗುತ್ತಿದ್ದದ್ದು, ಭೀಮಸೇನರು ಗುರುವಿನ ಮನೆಗೆ ನೀರು ಹೊತ್ತದ್ದು ಎಲ್ಲ ಅವರಿಗೆ ಗೊತ್ತು. ಊರು ಮಾತ್ರ ಕಂಡಿಲ್ಲ.

ಹಿಂದೆ ಭೀಮಸೇನರು ಕೂಡುತ್ತಿದ್ದ ಕೊನೆಯ ಸರದಿಯಲ್ಲಿ ಆಮೇಲೆ ಗಾಯಕಿ ಪ್ರಭಾ ಅತ್ರೆಯವರು ಕೂಡುತ್ತಿದ್ದರು. ಭೀಮಸೇನರು 2011ರ ಜನವರಿಯಲ್ಲಿ ಹೋದರು, ಪ್ರಭಾತಾಯಿ 2024ರ ಜನವರಿಯಲ್ಲಿ. ಇದನ್ನು ಹೇಳುವಾಗ ಆ ಶಿಕ್ಷಕಿ ಮನೆಯವರ ವಿಷಯ ಹೇಳುವ ದನಿಯಲ್ಲೇ ಹೇಳಿದರು.

ಎಲ್ಲರ ಹಾಡು ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆ ಹಾಕಿದರು. ಉತ್ಸವ ಮುಗಿಯುವುದೇ ಅದರಿಂದ. ಭೈರವಿ, 'ಬಿನ ದೇಖೆ ಪಡೆ ನಹೀ ಚೈನ'. ಹಳೆಯ ತಟ್ಟೆಯ ಕರಕರ, ಅದರ ಹಿಂದಿನಿಂದ ತೆಳುವಾದ, ಸ್ವಲ್ಪ ನಡುಗುವ ದನಿ. ನೋಡದೆ ಇರಲಾರೆ ಎನ್ನುವ ಒಂದೇ ಮಾತನ್ನು ಅವರು ಒಮ್ಮೆ ಕೋಮಲ ರಿಷಭದಿಂದ, ಒಮ್ಮೆ ಗಾಂಧಾರದಿಂದ, ಒಮ್ಮೆ ಮೇಲಿನಿಂದ ಇಳಿದು ಬಂದು ಹೇಳುತ್ತಾರೆ. ಪ್ರತಿ ಸಲ ಹೇಳಿದಾಗಲೂ ಇನ್ನೂ ಹೇಳುವುದು ಉಳಿದಿದೆ ಅನ್ನಿಸುತ್ತದೆ. ಹಾಡಿದವರು ಹೋಗಿ ಎಪ್ಪತ್ತು ವರ್ಷ ದಾಟಿದೆ. ಆ ಹಂಬಲ ಮಾತ್ರ ಎಲ್ಲೂ ಹೋಗಿಲ್ಲ. ಆತ್ಮ ಎಂಬುದು ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ವಾದ ಮಾಡುವುದಿಲ್ಲ, ಈ ತಟ್ಟೆ ಹಾಕಿ ಕೇಳಿಸುತ್ತೇನೆ. ಮಾಮಾ ಕಣ್ಣು ಮುಚ್ಚಿ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು.

ಮುಗಿದ ಮೇಲೆ ಚಾದರ ಝಾಡಿಸಿ ಮಡಚುವಾಗ ಶಿಕ್ಷಕಿ ಚೀಲದಿಂದ ಸಣ್ಣ ಡೈರಿ, ಪೆನ್ನು ತೆಗೆದರು. ಕುಂದಗೋಳಕ್ಕೆ ಹೋಗುವುದು ಹೇಗೆ, ಸರಿಯಾಗಿ ಹೇಳಿ ಎಂದರು. ತಂಗಿ ಬರೆಸಿದಳು: ರಾತ್ರಿ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನೊಳಗೆ ಕುಂದಗೋಳ, ಇಳಿದು ನಾಡಿಗೇರ ವಾಡೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಲ್ಲೂ ಗುರುಗಳ ನೆನಪಿನ ಸಂಗೀತ ನಡೆಯುತ್ತದೆ, ಆಗಲೇ ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಎಂದೆ. ಧಾರವಾಡದ ವಿಳಾಸವನ್ನೂ ಬರೆದುಕೊಂಡರು. ಮನೆ ಗುರುತಿಗೆ ಹತ್ತಿರ ಏನಿದೆ ಎಂದು ಕೇಳಿ, ಅದನ್ನೂ ಪಕ್ಕದಲ್ಲಿ ಬರೆದು ಕೆಳಗೆ ಗೆರೆ ಎಳೆದರು.